ಕೋಳಿಯ ನೀರಿಗೂ ಒಂದು ಕಾಲಂ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಹಿತ್ತಲ ಕೋಳಿ ಸಾಕಣೆಯ ಬಗ್ಗೆ ಬಂದ ಲೇಖನದಲ್ಲಿ ತಳಿ, ಮೇವು, ಗೂಡು, ಮಾರುಕಟ್ಟೆ ಎಲ್ಲವೂ ಇತ್ತು. ನೀರಿಗೆ ಮಾತ್ರ ಒಂದೇ ಸಾಲು: ನಿಪ್ಪಲ್ ಅಳವಡಿಸಿದರೆ ಉತ್ತಮ ಎಂದು. ಶಿರಾ ಸೀಮೆಯ ಕೊಳವೆಬಾವಿ ನೀರನ್ನೇ ನಂಬಿ ಕೋಳಿ ಸಾಕುವ ನಾನು ಆ ಸಾಲಿಗೆ ತಕರಾರು ಎತ್ತದೆ ಇರಲಾರೆ.

ನಿಪ್ಪಲ್ ಎಂದರೆ ಡ್ರಮ್ಮಿನಿಂದ ಬರುವ ಪೈಪಿಗೆ ಸಿಕ್ಕಿಸುವ ಪುಟ್ಟ ನಳಿಕೆ. ಅದು ಕೆಟ್ಟದ್ದೇನಲ್ಲ. ಕೊಕ್ಕಿನಿಂದ ಕುಟುಕಿದಾಗ ಮಾತ್ರ ಹನಿ ಬೀಳುವುದರಿಂದ ನೀರಿಗೆ ಹಿಕ್ಕೆ ಸೇರುವುದಿಲ್ಲ, ನೆಲವೂ ಒಣಗಿರುತ್ತದೆ. ಆದರೆ ಗಡಸು ನೀರಿನಲ್ಲಿ ಅದರ ಪುಟ್ಟ ಉಕ್ಕಿನ ಕಡ್ಡಿಯ ಸುತ್ತ ಸುಣ್ಣ ಕಟ್ಟುತ್ತದೆ. ಆಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ, ಇಲ್ಲವೇ ಕಚ್ಚಿಕೊಂಡು ಹನಿಯೇ ಬೀಳುವುದಿಲ್ಲ. ಕಚ್ಚಿಕೊಂಡರೆ ಅಪಾಯ. ಡ್ರಮ್ಮಿನಲ್ಲಿ ನೀರು ತುಂಬಿದೆಯೆಂದು ಮನೆಯವರು ನಿಶ್ಚಿಂತೆಯಿಂದಿದ್ದರೆ, ಅತ್ತ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ. ಕೋಳಿ ಬೆವರುವುದಿಲ್ಲ, ಏದಿಯೇ ಮೈ ತಂಪು ಮಾಡಿಕೊಳ್ಳಬೇಕು, ಅದಕ್ಕೂ ನೀರೇ ಬೇಕು. ಸಾಧಾರಣ ದಿನಗಳಲ್ಲಿ ಸುಮಾರು ಕಾಲು ಲೀಟರ್ ಕುಡಿಯುವ ಹೇಂಟೆ ಏಪ್ರಿಲ್ ಬಿಸಿಲಿನಲ್ಲಿ ಅದರ ಎರಡರಷ್ಟು ಕುಡಿದರೂ ಆಶ್ಚರ್ಯವಿಲ್ಲ. ನೀರು ತಪ್ಪಿದರೆ ಮೊಟ್ಟೆಯೂ ತಪ್ಪಿತು.

ಹತ್ತು ಹದಿನೈದು ಕೋಳಿಗಳಿಗೆ, ತಟ್ಟೆಯ ಮೇಲೆ ಡಬ್ಬಿ ಬೋರಲು ಹಾಕಿದಂಥ ಪ್ಲಾಸ್ಟಿಕ್ ಪಾತ್ರೆ ಧಾರಾಳವಾಗಿ ಸಾಕು. ನೀರಿದೆಯೋ ಇಲ್ಲವೋ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಅದನ್ನು ನೆರಳಿನಲ್ಲಿ, ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟಿಗೆ ಪೇರಿಸಿ ಇಡಬೇಕು. ನೆಲದಲ್ಲಿಟ್ಟರೆ ಕೆದರಿದ ಮಣ್ಣೆಲ್ಲ ಅದರೊಳಗೇ. ಸುತ್ತಲಿನ ನೆಲ ಸದಾ ಒದ್ದೆಯಾಗಿದ್ದರೆ ಮರಿಗಳಿಗೆ ರಕ್ತಭೇದಿ ಕಟ್ಟಿಟ್ಟ ಬುತ್ತಿ. ಬೆಳಿಗ್ಗೆ ಹಳೆಯ ನೀರು ಚೆಲ್ಲಿ ತಟ್ಟೆಯ ಒಳಂಚಿನಲ್ಲಿ ಬೆರಳಾಡಿಸಿದರೆ, ಕಣ್ಣಿಗೆ ಕಾಣದ ಲೋಳೆ ಬೆರಳಿಗೆ ಸಿಗುತ್ತದೆ. ಬರೀ ನೀರಿನಲ್ಲಿ ತೊಳೆದರೆ ಅದು ಹೋಗದು, ತೆಂಗಿನ ನಾರಿನಿಂದ ಉಜ್ಜಬೇಕು. ಸುಣ್ಣದ ಕಲೆಗೆ ಹಿಂಡಿ ಬಿಸಾಡುವ ನಿಂಬೆ ಹೋಳೇ ಸಾಕು.

ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ನೀರಿನಲ್ಲಿ ಬೆರೆಸಿ ಕುಡಿಸುವ ದಿನ ಮಾತ್ರ ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರನ್ನು ಬಳಸಲೇಬಾರದು. ಕ್ಲೋರಿನ್ ಲಸಿಕೆಯೊಳಗಿನ ಜೀವಂತ ವೈರಾಣುವನ್ನೇ ಕೊಂದುಬಿಡುತ್ತದೆ. ಲಸಿಕೆ ಹಾಕಿಸಿದರೂ ಕೋಳಿ ಸತ್ತವು ಎಂಬ ದೂರುಗಳಲ್ಲಿ ಕೆಲವಕ್ಕಾದರೂ ಇದೇ ಕಾರಣವಿರಬಹುದು.

ಹೋದ ವರ್ಷ ನಮ್ಮ ಕಡೆ ಮಹಿಳೆಯರಿಗೆ ಗಿರಿರಾಜ ತಳಿಯ ಕೋಳಿಮರಿಗಳನ್ನು ಹಂಚಿದರು. ಫೋಟೊ, ಹಾರ, ಭಾಷಣ ಯಾವುದಕ್ಕೂ ಕೊರತೆಯಿರಲಿಲ್ಲ. ನೀರು ಹೇಗಿಡಬೇಕೆಂದು ಯಾರೂ ಹೇಳಲಿಲ್ಲ. ಪಕ್ಕದ ಮನೆಯಾಕೆ ಅಗಲವಾದ ಬೋಗುಣಿಯಲ್ಲಿ ನೀರಿಟ್ಟಿದ್ದಳು, ಎಳೆಯ ಮರಿಗಳು ಅದರಲ್ಲಿ ಬಿದ್ದು ಸತ್ತವು. ಬೋಗುಣಿಗೆ ನಾಲ್ಕು ಬೆಣಚುಕಲ್ಲು ಹಾಕಿಟ್ಟಿದ್ದರೆ ಉಳಿಯುತ್ತಿದ್ದವು. ಹಾರಕ್ಕೆ ಖರ್ಚು ಮಾಡುವ ಹಣದಲ್ಲಿ ಮರಿಗಳ ಜೊತೆ ಒಂದೊಂದು ನೀರಿನ ಪಾತ್ರೆಯನ್ನೂ ಕೊಡಲು ಹಂಚುವವರಿಗೆ ನೀವಾದರೂ ಹೇಳಿ.

— ಓದುಗಿ, ಶಿರಾ ತಾಲ್ಲೂಕು