2520ಕ್ಕೆ ರಾಮಾನುಜನ್ ಬೇಕಿರಲಿಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ‘2520: ರಾಮಾನುಜನ್ ಕಂಡುಹಿಡಿದ ವಿಚಿತ್ರ ಸಂಖ್ಯೆ’ ಎಂಬ ತುಣುಕು ಓದಿದೆ. 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುತ್ತದೆ, ವಾರ, ತಿಂಗಳು, ವರ್ಷದ ಎಣಿಕೆ ಗುಣಿಸಿದರೂ ಅದೇ ಬರುತ್ತದೆ, ಹಾಗಾಗಿ ಪವಾಡ ಎನ್ನುವ ಇದು ವಾಟ್ಸ್ಯಾಪ್‌ನಲ್ಲಿ ಬಹಳ ಕಾಲದಿಂದ ಸುತ್ತುತ್ತಿರುವ ಸಂದೇಶ. ನಮ್ಮ ಷಡ್ಡಕರು ಡಿಸೆಂಬರ್ ಬಂದರೆ ತಪ್ಪದೆ ಕಳಿಸುತ್ತಾರೆ. ಅವರಿಗೆ ಹೇಳಿ ಸಾಕಾಗಿದೆ, ಪತ್ರಿಕೆಗಾದರೂ ಹೇಳೋಣ ಅಂತ ಬರೆಯುತ್ತಿದ್ದೇನೆ.

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ 2520 ಭಾಗವಾಗುತ್ತದೆ, ನಿಜ. ಆದರೆ ಅವುಗಳ ಲ.ಸಾ.ಅ. (ಅವೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆದರೆ ಬರುವುದೇ ಅದು. 5, 7, 8, 9 ಗುಣಿಸಿ ನೋಡಿ, ಉಳಿದವೆಲ್ಲ ಅದರೊಳಗೇ ಬಂದುಬಿಡುತ್ತವೆ. ನಾನು ಪಾಠ ಮಾಡುತ್ತಿದ್ದಾಗ ಏಳನೇ ಕ್ಲಾಸಿನ ಹಿಂದಿನ ಬೆಂಚಿನವರೂ ಬೋರ್ಡಿನ ಮೇಲೆ ಇದನ್ನು ಮಾಡುತ್ತಿದ್ದರು. ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೆ 2520 ಬರುವುದೂ ಪವಾಡವಲ್ಲ. 30×12 ಅಂದರೆ 360. ಅದು 1ರಿಂದ 10ರೊಳಗೆ 7 ಒಂದನ್ನು ಬಿಟ್ಟು ಎಲ್ಲದರಿಂದಲೂ ಭಾಗವಾಗುತ್ತದೆ. ಆ 7 ವಾರದಿಂದ ಬಂತು, ಅಷ್ಟೇ.

ಬೇಜಾರು ಏನೆಂದರೆ, ರಾಮಾನುಜನ್ ಇಂಥ ಸಂಖ್ಯೆಗಳ ಬಗ್ಗೆ ನಿಜವಾಗಿಯೂ ದೊಡ್ಡ ಕೆಲಸ ಮಾಡಿದ್ದಾರೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ! 2520ಕ್ಕೆ 48 ಭಾಜಕಗಳಿವೆ, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 48. ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟಿಲ್ಲ. ಹೀಗೆ ತನಗಿಂತ ಚಿಕ್ಕವನ್ನೆಲ್ಲ ಮೀರಿಸುವ ಸಂಖ್ಯೆಗಳು ಯಾವುವು, ಅವುಗಳ ಲಕ್ಷಣ ಏನು ಎಂದು ಅವರು 1915ರ ಪ್ರಬಂಧದಲ್ಲಿ ವಿವರಿಸಿದರು. 2520ನ್ನು ಅವಿಭಾಜ್ಯಗಳಾಗಿ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಗಳಾಗಿ) ಬಿಡಿಸಿದರೆ 2 ಮೂರು ಸಲ, 3 ಎರಡು ಸಲ, 5 ಮತ್ತು 7 ಒಂದೊಂದು ಸಲ. ಇಂಥ ಸಂಖ್ಯೆಗಳಲ್ಲಿ ಈ ಎಣಿಕೆ ಮುಂದೆ ಹೋಗುತ್ತಾ ಸಮ ಇರಬಹುದು, ಇಳಿಯಬಹುದು, ಏರುವ ಹಾಗಿಲ್ಲ. ನಡುವೆ ಒಂದು ಅವಿಭಾಜ್ಯವನ್ನು ಹಾರಿಸುವ ಹಾಗೂ ಇಲ್ಲ. ಕೊನೆಯ ಅವಿಭಾಜ್ಯ ಒಂದೇ ಸಲ ಬರಬೇಕು; 4 ಮತ್ತು 36 ಮಾತ್ರ ಇದಕ್ಕೆ ಹೊರತು.

ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಅವರು ಕೊಟ್ಟ ಇಂಥ ಸಂಖ್ಯೆಗಳ ಪಟ್ಟಿ 6746328388800ರವರೆಗೆ ಹೋಗುತ್ತದೆ. ಅದಕ್ಕೆ 10080 ಭಾಜಕಗಳು! ಆ ಪಟ್ಟಿಯಲ್ಲಿ 293318625600 ಎಂಬ ಒಂದು ಸಂಖ್ಯೆ ಬಿಟ್ಟುಹೋಗಿದೆ. ತಮಾಷೆ ನೋಡಿ, ಅದನ್ನು 23ರಿಂದ ಗುಣಿಸಿದರೆ ಪಟ್ಟಿಯ ಕೊನೆಯ ಸಂಖ್ಯೆಯೇ ಸಿಗುತ್ತದೆ. 1916ರಲ್ಲಿ ಕೇಂಬ್ರಿಜ್ ಅವರಿಗೆ ಪದವಿ ಕೊಟ್ಟಿದ್ದು ಈ ಕೆಲಸಕ್ಕೇ. ಪ್ರಬಂಧವನ್ನು ಪ್ರಕಟಿಸಿದ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಆಗ ದುಡ್ಡಿನ ಮುಗ್ಗಟ್ಟು ಇದ್ದುದರಿಂದ ಪ್ರಬಂಧದ ಒಂದು ಭಾಗ ಅಚ್ಚಾಗಲಿಲ್ಲ. ಅದು ಗಣಿತದ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದು 1997ರಲ್ಲಿ.

ಈ ಸಲ ಡಿಸೆಂಬರ್ 22ರ ಗಣಿತ ದಿನಕ್ಕೆ ಸುಮ್ನೆ ಫೋಟೋ ಹಾಕಿ ಬಿಡಬೇಡಿ. ಆ ಬಿಟ್ಟುಹೋದ ಸಂಖ್ಯೆಯನ್ನು ಮಕ್ಕಳ ಪುಟದಲ್ಲಿ ಕೊಟ್ಟು, ಅವಿಭಾಜ್ಯಗಳಾಗಿ ಬಿಡಿಸಿ ಅಂತ ಕೇಳಿ. 19ಕ್ಕಿಂತ ದೊಡ್ಡದು ಬರುವುದಿಲ್ಲ, ಹೆದರಬೇಕಾಗಿಲ್ಲ.

– ನಿವೃತ್ತ ಗಣಿತ ಮೇಷ್ಟ್ರು, ಶಿರಾ