ಶಾಂತಿಯ ನೌಕರಿಗೆ ಹೊರಟವಳಿಗೆ

ಮಡಿಕೇರಿ

ಪ್ರೀತಿಯ ಮಗಳೇ,

ಇಲ್ಲಿ ಎಲ್ಲರೂ ಕ್ಷೇಮ. ವಿಶ್ವಸಂಸ್ಥೆಯ ಶಾಂತಿ ಕಾರ್ಯದಲ್ಲಿ ನೌಕರಿ ಹುಡುಕಬೇಕೆಂದಿದ್ದೇನೆ, ಆ ಸಂಸ್ಥೆಗಳೇ ಉಳಿಯುತ್ತವೋ ಇಲ್ಲವೋ ಎಂದು ಕೇಳಿದ್ದೀಯ. ಇದಕ್ಕೆ ಉತ್ತರ ನಾಯಕರ ಭಾಷಣದಲ್ಲಿ ಸಿಗುವುದಿಲ್ಲ. ದುಡ್ಡು ಯಾರದು, ಒಪ್ಪಿಗೆ ಯಾರದು, ಮತ ಯಾರದು ಎಂದು ನೋಡು.

ದುಡ್ಡಿನಿಂದಲೇ ಶುರುಮಾಡು. 2025–27ರ ಲೆಕ್ಕದಲ್ಲಿ ಶಾಂತಿಪಾಲನಾ ಖರ್ಚಿನ ಶೇ. 26ರಷ್ಟು ಅಮೆರಿಕದ ಪಾಲು, ಶೇ. 24ರ ಹತ್ತಿರ ಚೀನಾದ್ದು. ಕಾಲು ಶತಮಾನದ ಹಿಂದೆ ಚೀನಾದ ಪಾಲು ಶೇ. 2ರ ಆಚೀಚೆ ಇತ್ತು. ಅಮೆರಿಕದ ಕಾನೂನು ಶೇ. 25ಕ್ಕಿಂತ ಹೆಚ್ಚು ಕೊಡಬಾರದು ಎನ್ನುತ್ತದೆ, ಹಾಗಾಗಿ ವರ್ಷವರ್ಷವೂ ಬಾಕಿ ಬೆಳೆಯುತ್ತದೆ. ಈಚೆಗೆ ಚೀನಾವೂ ತಡವಾಗಿ ಕಟ್ಟುತ್ತಿದೆ. ದುಡ್ಡು ಬಾರದಿದ್ದರೆ ಮೊದಲು ತಡವಾಗುವುದು ಸೈನಿಕರನ್ನು ಕಳಿಸಿದ ದೇಶಗಳಿಗೆ ಕೊಡಬೇಕಾದ ಮರುಪಾವತಿ. 2018ರಲ್ಲಿ ಒಬ್ಬ ಸೈನಿಕನಿಗೆ ತಿಂಗಳಿಗೆ 1,428 ಡಾಲರ್ ಎಂದು ನಿಗದಿಯಾಗಿತ್ತು. ಅಂದರೆ ಭಾರತ, ಬಾಂಗ್ಲಾದೇಶ, ನೇಪಾಳದಂಥ ದೇಶಗಳು ಶ್ರೀಮಂತ ದೇಶಗಳಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ! ಆಮೇಲೆ ಕಡಿತ ಶುರು. 2025ರ ಅಕ್ಟೋಬರ್‌ನಲ್ಲಿ ಒಂಬತ್ತು ಕಾರ್ಯಾಚರಣೆಗಳಿಂದ ಸುಮಾರು ಕಾಲು ಭಾಗ, ಅಂದರೆ 13,000ದಿಂದ 14,000 ಸೈನಿಕರು ಮತ್ತು ಪೊಲೀಸರನ್ನು ವಾಪಸ್ ಕರೆಸುವುದಾಗಿ ಪ್ರಕಟಿಸಿದರು. ಗಸ್ತು ಕಡಿಮೆಯಾದ ಕಡೆ ಜನರಿಗೆ ರಕ್ಷಣೆಯೂ ಅಷ್ಟೇ.

ಪಡೆ ಇರುವ ದೇಶದ ಒಪ್ಪಿಗೆಯ ವಿಚಾರಕ್ಕೆ ಪಶ್ಚಿಮ ಆಫ್ರಿಕಾದ ಮಾಲಿ ದೇಶವನ್ನು ನೋಡು. 2013ರಲ್ಲಿ ಶುರುವಾದ ಕಾರ್ಯಾಚರಣೆಯನ್ನು 2023ರ ಜೂನ್‌ನಲ್ಲಿ ಅಲ್ಲಿನ ಸೇನಾ ಸರ್ಕಾರ ಸಾಕು ಹೋಗಿ ಎಂದಿತು. ಡಿಸೆಂಬರ್ 31ರೊಳಗೆ ಬಹುತೇಕ ಎಲ್ಲರೂ ಹೊರಬಿದ್ದರು. ರಷ್ಯಾದ ಬಾಡಿಗೆ ಪಡೆ ಅಷ್ಟು ಹೊತ್ತಿಗೆ ಅಲ್ಲಿತ್ತು. ಬೇರೆ ಆಸರೆ ಸಿಕ್ಕ ಸರ್ಕಾರಕ್ಕೆ ವಿಶ್ವಸಂಸ್ಥೆಯ ಷರತ್ತುಗಳು ಹೊರೆ.

ಭದ್ರತಾ ಮಂಡಳಿಯ ಮತದ ಲೆಕ್ಕ ನಿನಗೆ ಗೊತ್ತು: ಹದಿನೈದರಲ್ಲಿ ಒಂಬತ್ತು ಮತ ಬೇಕು, ಐವರು ಕಾಯಂ ಸದಸ್ಯರಲ್ಲಿ ಯಾರೂ ವೀಟೊ ಮಾಡಬಾರದು. 2024ರ ಮಾರ್ಚ್‌ನಲ್ಲಿ ರಷ್ಯಾ ವೀಟೊ ಹಾಕಿ, ಉತ್ತರ ಕೊರಿಯಾ ಮೇಲಿನ ನಿರ್ಬಂಧಗಳ ಮೇಲೆ ಕಣ್ಣಿಟ್ಟಿದ್ದ ತಜ್ಞರ ತಂಡವನ್ನೇ ಮುಚ್ಚಿಸಿತು. ತಪ್ಪೆಲ್ಲ ಒಂದೇ ಕಡೆ ಎಂದುಕೊಳ್ಳಬೇಡ. ಅಮೆರಿಕದ ಒತ್ತಡದಿಂದ ಲೆಬನಾನ್‌ನಲ್ಲಿನ ವಿಶ್ವಸಂಸ್ಥೆಯ ಪಡೆಗೆ 2026ರ ಡಿಸೆಂಬರ್ 31 ಕೊನೆಯ ದಿನವಾಗಿದೆ.

ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ ಇಲ್ಲಿನ ಸನ್ನಿಸೈಡ್ ಮ್ಯೂಸಿಯಂಗೆ ಇನ್ನೊಮ್ಮೆ ಹೋಗಿ ನಿಧಾನವಾಗಿ ನೋಡು. ಅವರು 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರಾದದ್ದು, ಎರಡೂ ಬಣಗಳಿಗೆ ಒಬ್ಬ ತಟಸ್ಥ ಮಧ್ಯಸ್ಥ ಬೇಕಿದ್ದ ಕಾರಣಕ್ಕೆ. 1964ರಲ್ಲಿ ಅವರು ನಾಯಕತ್ವ ವಹಿಸಿದ ಸೈಪ್ರಸ್ ಪಡೆಗೆ ಮೊದಲು ಸಿಕ್ಕಿದ್ದು ಮೂರೇ ತಿಂಗಳ ಅವಧಿ. ಅದು ಇನ್ನೂ ಅಲ್ಲಿದೆ. ದೊಡ್ಡವರಿಗೆ ಯಾರಿಗೂ ಅಲ್ಲಿ ಜಗಳ ಬೇಡ, ಅಷ್ಟೇ ನನ್ನ ಅಂದಾಜು.

ಇನ್ನು ನಿನ್ನ ಅರ್ಜಿ. ಫ್ರೆಂಚ್ ಕಲಿ, ಕಾಂಗೋಗೂ ಮಧ್ಯ ಆಫ್ರಿಕಾ ಗಣರಾಜ್ಯಕ್ಕೂ ಅದಿಲ್ಲದೆ ಆಗದು. ಬಜೆಟ್ ಓದುವುದನ್ನು ಅದಕ್ಕಿಂತ ಮೊದಲು ಕಲಿ. ಆಫ್ರಿಕನ್ ಒಕ್ಕೂಟದ ಪಡೆಗಳಿಗೆ ಶೇ. 75ರವರೆಗೆ ವಿಶ್ವಸಂಸ್ಥೆಯ ಕಡ್ಡಾಯ ವಂತಿಗೆಯಿಂದ, ಅಂದರೆ ಸದಸ್ಯ ದೇಶಗಳು ಕಟ್ಟಲೇಬೇಕಾದ ಪಾಲಿನಿಂದ, ಕೊಡಬಹುದು ಎಂದು 2023ರ ಡಿಸೆಂಬರ್‌ನಲ್ಲಿ 2719ನೇ ನಿರ್ಣಯವಾಯಿತು. ಸೊಮಾಲಿಯಾಕ್ಕೆ ಅದನ್ನು ಅನ್ವಯಿಸಲು ಅಮೆರಿಕ ಒಪ್ಪಲಿಲ್ಲ. ಕಾಗದದಲ್ಲಿದ್ದದ್ದು ಕೈಗೆ ಬರುವುದಿಲ್ಲ. ಶಾಂತಿ ನಿರ್ಮಾಣ ನಿಧಿಗೆ ಮಾತ್ರ 2025ರಿಂದ ವರ್ಷಕ್ಕೆ 5 ಕೋಟಿ ಡಾಲರ್ ಕಡ್ಡಾಯ ವಂತಿಗೆಯಿಂದ ಬರುವಂತಾಗಿದೆ. ಮೊತ್ತ ಸಣ್ಣದು, ಆದರೂ ಕೇವಲ ದೇಣಿಗೆಯನ್ನು ನಂಬಿದ್ದಕ್ಕಿಂತ ವಾಸಿ.

ಯಾವ ಹುದ್ದೆಗೆ ಕರೆದರೂ ಅದರ ಸಂಬಳ ಕಡ್ಡಾಯ ವಂತಿಗೆಯದೋ ದೇಣಿಗೆಯದೋ ಎಂದು ಇಮೇಲ್‌ನಲ್ಲೇ ಕೇಳು. ಕರಾರು ಮುಗಿಯುವ ದಿನ, ಆ ಕಾರ್ಯಾಚರಣೆಯ ಅವಧಿ ಮುಗಿಯುವ ದಿನ ಎರಡನ್ನೂ ಪಕ್ಕಪಕ್ಕ ಬರೆದಿಟ್ಟುಕೊಂಡು ಆಮೇಲೆ ಸಹಿ ಹಾಕು.

ನಿನ್ನ ದೊಡ್ಡಪ್ಪ