ಬಕ್ಷೀಸಿನ ಲೆಕ್ಕ

ಪ್ರೀತಿಯ ದೋಸ್ತಾ,

ಕೈರೋದಿಂದ ನೀನು ಕಳುಹಿಸಿದ ಸಂದೇಶ ಓದಿ ನಕ್ಕೆ. ಪಿರಮಿಡ್ ಯಾವ ಕಡೆ ಎಂದು ಬೆರಳು ಮಾಡಿದವನೂ ‘ಬಕ್ಷೀಸ್’ ಎಂದು ಕೈಚಾಚಿದನೇ? ಅಷ್ಟು ದೊಡ್ಡದನ್ನು ನಿನಗೆ ತೋರಿಸಬೇಕಾಯಿತು ಎಂದರೆ ಅವನು ಕೇಳಿದ್ದು ನ್ಯಾಯವೇ. ಛತ್ರಿ ಪ್ರಕರಣದ ನಂತರವೂ ನಿನ್ನ ಕಣ್ಣು ಸುಧಾರಿಸಿಲ್ಲ. (ಓದುತ್ತಿರುವ ಉಳಿದವರು ಛತ್ರಿಯ ಬಗ್ಗೆ ಕೇಳಬಾರದು.)

ಹುಬ್ಬಳ್ಳಿಯ ಶಬ್ದ ಅಲ್ಲಿಗೆ ಹೇಗೆ ಬಂತು ಎಂದಿದ್ದೀಯ. ಅದು ಪಾರಸಿಯದು, ಅತ್ತ ತುರ್ಕಿ, ಈಜಿಪ್ಟಿಗೂ ಇತ್ತ ನಮ್ಮ ಕಡೆಗೂ ಹರಿದು ಬಂದದ್ದು. ಮೂಲ ಕ್ರಿಯಾಪದಕ್ಕೆ ಕೊಡುವುದು, ಕ್ಷಮಿಸುವುದು ಎಂಬ ಎರಡೂ ಅರ್ಥಗಳಿವೆ. ಎಂಥ ಅನುಕೂಲ ನೋಡು! ‘ಮಾಮೂಲು’ ಅರಬ್ಬಿಯದು, ರೂಢಿಯಂತೆ ನಡೆದದ್ದು ಎಂದರ್ಥ. ನಮ್ಮ ಅಜ್ಜಂದಿರು ತಹಶೀಲ್ದಾರರನ್ನು ‘ಮಾಮಲೇದಾರ’ ಎನ್ನುತ್ತಿದ್ದರಲ್ಲ, ಅದೂ ಅದೇ ಧಾತುವಿನ ಕೂಸು. ಮಾಸ್ತರಿಕೆ ಸಾಕು.

ಅಪ್ಪ ಹೋದ ಮೇಲೆ ಒಂದೂವರೆ ಎಕರೆ ಎರಿ ಹೊಲದ ಉತಾರದಲ್ಲಿ ನನ್ನ ಹೆಸರು ಏರಿಸಬೇಕಿತ್ತು. ವಾರಸಾ ಕಾಗದಕ್ಕಾಗಿ ಒಂದು ಕಚೇರಿಗೆ ಹೋದೆ. ಗುಮಾಸ್ತ ಇನ್ನೂ ಹುಡುಗ. ಅವನು ಏನನ್ನೂ ಕೇಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನಾನೇ ಫೈಲಿನಡಿ ಐದುನೂರರ ನೋಟು ಸರಿಸಿ, ‘ಬಕ್ಷೀಸು, ಖುಷಿಯಿಂದ’ ಎಂದೆ. ನೋಟನ್ನೂ ನನ್ನನ್ನೂ ಒಮ್ಮೆ ನೋಡಿ ಡ್ರಾಯರು ಎಳೆದ. ಅಲ್ಲಿಯವರೆಗೆ ‘ಸರ್’ ಆಗಿದ್ದವನು ‘ಕುಳಿತುಕೊಳ್ಳಿ ಅಣ್ಣಾ’ ಆದೆ; ಚಹಾ ಬಂತು. ನನ್ನ ದುಡ್ಡಿನ ಚಹಾ ನಾನೇ ಕುಡಿದೆ. ಹೊರಗೆ ಬಂದು ನೋಡುತ್ತೇನೆ, ಕಾಗದದ ಮೇಲೆ ಹಿಂದಿನ ದಿನದ ತಾರೀಖು. ಕೆಲಸ ಆಗಿಯೇ ಹೋಗಿತ್ತು.

ಇಷ್ಟನ್ನೇ ಹೇಳಿ ನಗಿಸಿ ಮುಗಿಸಬೇಕೆಂದು ಕುಳಿತಿದ್ದೆ.

1996ರಲ್ಲಿ ನಾವು ನಾಲ್ವರು ಕೊಪ್ಪಿಕರ ರಸ್ತೆಯ ಕಡೆ ಒಂದು ಹೋಟೆಲಿಗೆ ಗಿರ್ಮಿಟ್ ತಿನ್ನಲು ಹೋದದ್ದು ನಿನಗೆ ನೆನಪಿದೆಯೇ? ಬೇಡವೆಂದು ನಾನು ಎಷ್ಟು ಹಟ ಮಾಡಿದ್ದೆ. ಏಳುವಾಗ ಬಡೇಸೋಪಿನ ತಟ್ಟೆಯಲ್ಲಿ ನಾನು ಎಂಟಾಣೆ ಇಟ್ಟೆ. ‘ಇನ್ನೊಂದು ಎಂಟಾಣೆ ಹಾಕೋ, ವಯಸ್ಸಾದವನು ಪಾಪ’ ಎಂದು ನೀನು ಗದರಿದೆ. ಹಾಕಿದೆ. ಸಪ್ಲೈಯರ್ ಆ ಎರಡು ನಾಣ್ಯಗಳನ್ನು ಹಣೆಗೆ ಮುಟ್ಟಿಸಿಕೊಂಡು ಜೇಬಿಗೆ ಹಾಕಿಕೊಂಡ.

ಅವನು ನನ್ನ ಅಪ್ಪ.

ರಾತ್ರಿ ಎಂದಿನಂತೆ ಚಿಲ್ಲರೆಯನ್ನು ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ಸುರಿದ. ಅವ್ವ ಎಂಟಾಣೆ ಬೇರೆ, ರೂಪಾಯಿ ಬೇರೆ ಮಾಡುತ್ತಿದ್ದಳು. ನನ್ನ ಪರೀಕ್ಷೆಯ ಫೀ ಹೊರಟದ್ದು ಆ ಮುಚ್ಚಳದಿಂದಲೇ. ‘ಇಂದು ಕಾಲೇಜಿನ ಹುಡುಗರು ಬಂದಿದ್ದರು, ಒಳ್ಳೆಯ ಹುಡುಗರು, ಒಂದು ರೂಪಾಯಿ ಬಕ್ಷೀಸು ಬಿಟ್ಟರು’ ಎಂದು ಅಪ್ಪ ಅವ್ವನಿಗೆ ಹೇಳಿದ. ನನ್ನ ಕಡೆ ನೋಡಲಿಲ್ಲ. ಆಮೇಲೆ ನೀನು ಮನೆಗೆ ಬಂದಾಗ ನಿನ್ನನ್ನು ಗುರುತಿಸಿದ್ದ. ಅದಕ್ಕೇ ಅಂದು ನಿನಗೆ ಎರಡು ಹೋಳಿಗೆ ಹೆಚ್ಚು ಬಡಿಸಲು ಹೇಳಿದ್ದು. ನಿನಗೆ ಅವನ ಗುರುತು ಸಿಗಲಿಲ್ಲ. ಹೇಳಿದೆನಲ್ಲ, ನಿನ್ನ ಕಣ್ಣು.

ಅಪ್ಪನ ಹೊಲದ ಕಾಗದಕ್ಕೆ ಆ ಶಬ್ದವೇ ನನ್ನ ಬಾಯಿಗೆ ಏಕೆ ಬಂತು? ಲಂಚ ಎನ್ನಬಹುದಿತ್ತು. ಚಹಾಪಾಣಿ ಎನ್ನಬಹುದಿತ್ತು.

ಇರಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯ ನಂತರ ಲಂಚ ಕೊಡುವವನಿಗೂ ಏಳು ವರ್ಷದವರೆಗೆ ಜೈಲು. ಒತ್ತಾಯಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಪಾರು. ಇಂದು ಒಂಬತ್ತನೇ ದಿನ; ಮೇಲಾಗಿ ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ. ಎಲ್ಲರೂ ಓದುವಲ್ಲಿ ಒಪ್ಪಿಕೊಂಡು ಬರೆದಿದ್ದೇನೆ, ಸಾಕ್ಷಿಗೂ ಅಲೆಯಬೇಕಿಲ್ಲ. ಒಳಗೆ ಹಾಕಿದರೆ ಬುತ್ತಿ ತರುವವನು ನೀನೇ. ಕೈರೋದಿಂದ ಬರುವಾಗ ಒಳ್ಳೆಯ ಖರ್ಜೂರ ತಾ. ಛತ್ರಿ ಬೇಡ.

ನಿನ್ನ,
ಎಂಟಾಣೆ